ಚಳಿರಾಯರ ಕೈಗವಸು

ನಮ್ಮ ಮನೆಯವರಿಗೆ ಅವರು ಜನರೇಟರ್ ನೋಡಿಕೊಳ್ಳುವ ಆಸ್ಪತ್ರೆಯಲ್ಲಿಟ್ಟ ಹೆಸರು ಚಳಿರಾಯ. ಫ್ಯಾನು ಎರಡರ ಮೇಲೆ ತಿರುಗಿದರೆ ಕಿವಿಗೆ ಹತ್ತಿ ತುರುಕಿಕೊಳ್ಳುವ ಮನುಷ್ಯ. ಇಂಥ ಮಹಾನುಭಾವರು ಒಂದು ಸಂಜೆ ಬಂದು, ವರ್ಷಪೂರ್ತಿ ಹಿಮ ಬಿದ್ದಿರುವ, ಭೂಮಿಯ ಕಟ್ಟಕಡೆಯ ಜಾಗಕ್ಕೆ ಕೆಲಸಕ್ಕೆ ಹೋಗುತ್ತೇನೆ ಎಂದರು. ಅಲ್ಲಿ ವಿಜ್ಞಾನಿಗಳ ಠಾಣೆಯಿದೆಯಂತೆ, ಅದರ ಜನರೇಟರ್ ನೋಡಿಕೊಳ್ಳಬೇಕಂತೆ, ಹದಿನಾಲ್ಕು ತಿಂಗಳು. ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೇ ಅಂದುಕೊಂಡು ನಾನು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

ಸಂದರ್ಶನದಲ್ಲಿ ಪಾಸಾಗಿ ಬಂದಾಗ ಎತ್ತಲೇಬೇಕಾಯಿತು.

"ಇಲ್ಲೇನು ಕಮ್ಮಿಯಾಗಿದೆ ನಿಮಗೆ?" ಅಂತ ಕೇಳಿದೆ.

"ಇಪ್ಪತ್ತೆರಡು ವರ್ಷದಿಂದ ಆ ನೆಲಮಾಳಿಗೇಲಿ ಕೂತಿದೀನಿ. ಕರೆಂಟ್ ಹೋದಾಗ ಮಾತ್ರ ನನ್ನ ನೆನಪಾಗತ್ತೆ ಅವರಿಗೆ. ಅಲ್ಲಿ ಜನರೇಟರ್ ನಿಂತ್ರೆ ಎಲ್ಲರೂ ಸಾಯ್ತಾರಂತೆ ಕಣೇ."

ಸಾವಿನ ಸುದ್ದಿಯನ್ನು ಇಷ್ಟು ಸಂತೋಷದಿಂದ ಹೇಳಿದವರನ್ನು ನಾನು ಕಂಡಿಲ್ಲ. ನನ್ನ ಅತ್ತೆ ತಮ್ಮ ಪಾಲಿನ ಬುದ್ಧಿವಾದ ಹೇಳಿದರು: "ಅಲ್ಲಿ ತಣ್ಣೀರಲ್ಲಿ ಸ್ನಾನ ಮಾಡ್ಬೇಡಪ್ಪ, ನೆಗಡಿಯಾಗತ್ತೆ."

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಮೀನು ಇಡುವ ಕೋಲ್ಡ್ ಸ್ಟೋರೇಜಿನೊಳಗೆ ನಿಂತು, ಕೈಗವಸು ಬಿಚ್ಚದೆ, ಹತ್ತು ನಿಮಿಷದಲ್ಲಿ ಯಂತ್ರದ ಫಿಲ್ಟರ್ ಬದಲಾಯಿಸಿ ನಾಲ್ಕು ನಟ್ಟು ಬಿಗಿಯಬೇಕು. ಒಂದು ನಟ್ಟು ಕೆಳಗೆ ಬಿದ್ದರೂ ಕೆಲಸ ಇಲ್ಲ. ಅಭ್ಯಾಸಕ್ಕೆಂದು ಕೈಗವಸನ್ನೂ ಕೊಟ್ಟು ಕಳಿಸಿದ್ದರು. ಯಾವ ರಾಕ್ಷಸನ ಅಳತೆಗೆ ಹೊಲಿದದ್ದೋ, ನಮ್ಮವರ ಗಿಡ್ಡ ಬೆರಳು ಮುಗಿದ ಮೇಲೂ ಒಂದು ಇಂಚು ಖಾಲಿ ಜೋತಾಡುತ್ತಿತ್ತು.

ಆ ಒಂದು ತಿಂಗಳು ನಮ್ಮ ಮನೆಯೇ ದಕ್ಷಿಣ ಧ್ರುವ. ಯಜಮಾನರು ಕೈಗವಸು ಹಾಕಿಕೊಂಡೇ ಅಂಗಿಯ ಗುಂಡಿ ಹಾಕುವರು, ಪೇಪರಿನ ಹಾಳೆ ತಿರುವುವರು, ಬಾಗಿಲ ಚಿಲಕ ತೆಗೆಯುವರು. ನಾಲ್ಕು ಗಾಜಿನ ಲೋಟ ಸ್ವರ್ಗ ಸೇರಿದವು. ಕಾಲಿಟ್ಟಲ್ಲೆಲ್ಲ ನಟ್ಟು. ನನಗೋ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಬೀಳಲಿ, ಎಲ್ಲ ನಟ್ಟೂ ಬೀಳಲಿ ಅಂತ ಹರಕೆ ಹೊರುವುದೊಂದು ಬಾಕಿ. ನನಗೆ ಅವರು ಹೋಗುವುದು ಬೇಡವಾಗಿತ್ತು. ಬಿಟ್ಟು ಹೋಗಬೇಡಿ ಅಂತ ಬಾಯಿಬಿಟ್ಟು ಹೇಳುವುದು ನನ್ನ ಜಾಯಮಾನವಲ್ಲ, ಅಷ್ಟೇ.

ಪರೀಕ್ಷೆಯ ಹಿಂದಿನ ಭಾನುವಾರ ಮಧ್ಯಾಹ್ನ ಅವರು ಮತ್ತೆ ಅಭ್ಯಾಸಕ್ಕೆ ಕೂತರು. ಮೊದಲ ನಟ್ಟೇ ಬಿತ್ತು. ಆಮೇಲೆ ಎರಡನೆಯದು. ಮಂಚದಡಿಗೆ ಬಗ್ಗಿ ಹೆಕ್ಕಿಕೊಂಡು, ಕೈಗವಸು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು ಮಲಗಿಬಿಟ್ಟರು.

ಅಲ್ಲಿಡಬಾರದಿತ್ತು. ಇಪ್ಪತ್ತೈದು ವರ್ಷ ಊರಿನವರ ಬಟ್ಟೆ ಆಲ್ಟರ್ ಮಾಡಿ ಬದುಕಿದವಳು ನಾನು. ಬಸ್ಸಿನಲ್ಲಿ ಮುಂದೆ ನಿಂತವರ ತೋಳು ಅರ್ಧ ಇಂಚು ಉದ್ದವಿದ್ದರೂ ನನಗೆ ಕೈ ತುರಿಸುತ್ತದೆ. ಆ ಜೋಲು ಬೆರಳುಗಳನ್ನು ಎಷ್ಟು ಹೊತ್ತು ಅಂತ ನೋಡುವುದು? ನಿದ್ದೆ ಹೋದವರ ಕೈಯನ್ನು ಹಳೆ ಪೇಪರಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದೆ. ಹೊಲಿಗೆ ಬಿಚ್ಚಿದೆ, ಕತ್ತರಿಸಿದೆ, ದಪ್ಪ ಸೂಜಿಯಲ್ಲಿ ಎರಡೆರಡು ಸಲ ಹೊಲಿದೆ. ಅವರ ಕಿರುಬೆರಳು ಸ್ವಲ್ಪ ಡೊಂಕು. ಆ ಡೊಂಕನ್ನೂ ಬಿಡಲಿಲ್ಲ.

ಕೊನೆಯ ದಾರ ಕಚ್ಚಿ ತುಂಡು ಮಾಡಿದ ಮೇಲೆಯೇ ನಾನೇನು ಮಾಡಿದೆ ಅನ್ನುವುದು ತಲೆಗೆ ಹೋಯಿತು. ಬಿಚ್ಚಿಬಿಡೋಣವೇ ಅಂದುಕೊಂಡೆ. ಅಷ್ಟರಲ್ಲಿ ಎದ್ದು ಬಂದರು, ಹಾಕಿಕೊಂಡರು, ನಾಲ್ಕು ನಟ್ಟೂ ಬಿಗಿದರು. ನನ್ನ ಮುಖ ನೋಡಿ, "ನಿನಗೆ ನಾನು ಹೋಗೋದು ಇಷ್ಟ ಇಲ್ಲ ಅಂದ್ಕೊಂಡಿದ್ದೆ" ಎಂದರು.

"ನಿಮ್ಮ ತಲೆ" ಅಂದೆ.

ಏಳು ನಿಮಿಷದಲ್ಲಿ ಪಾಸು. ಪರೀಕ್ಷೆ ಮಾಡಿದ ಸಾಹೇಬರು ಕೈಗವಸನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಹೊಲಿದ ಟೈಲರ್ ಯಾರು ಅಂತ ಕೇಳಿದರಂತೆ. ಮರುವಾರ ಜೊತೆಗೆ ಹೋಗುವ ಹನ್ನೊಂದು ಮಂದಿಯ ಕೈಗವಸು ನನ್ನ ಅಂಗಡಿಗೆ ಬಂತು, ಹನ್ನೊಂದು ಕೈಗಳ ಗೆರೆ ಎಳೆದ ಕಾಗದದ ಸಮೇತ. ಮಾಡಿದ್ದುಣ್ಣೋ ಮಹರಾಯ. ಎಲ್ಲವನ್ನೂ ಹೊಲಿದೆ. ಆ ಹನ್ನೊಂದು ಮನೆಯ ಹೆಂಗಸರು ನನ್ನನ್ನು ಎಷ್ಟು ಬೈದುಕೊಂಡರೋ ಗೊತ್ತಿಲ್ಲ.

ಹೊರಡುವ ದಿನ ಬೆಳಿಗ್ಗೆ ಚಳಿರಾಯರು ಎರಡು ಸ್ವೆಟರ್ ಹಾಕಿಕೊಂಡು, ಬೆವರುತ್ತ ಬಾಗಿಲಲ್ಲಿ ನಿಂತರು. ಕೈಗವಸು ಕೈಯಲ್ಲಿತ್ತು.

"ಇನ್ನೊಂದು ಜೊತೆ ಹೊಲಿದಿಡಬೇಕಿತ್ತು ನೀನು. ಅಲ್ಲಿ ಇದು ಹರಿದ್ರೆ ಏನ್ ಮಾಡ್ಲಿ?"

ಇನ್ನೊಂದು ಜೊತೆ ಆಗಲೇ ಅವರ ಚೀಲದ ತಳದಲ್ಲಿತ್ತು. ಅದನ್ನು ಹೇಳಲಿಲ್ಲ.

"ಹರಿದ್ರೆ ಇಲ್ಲಿಗೇ ತನ್ನಿ" ಅಂದೆ. "ಕೈ ನೋಡ್ದೆ ನಾನು ಹೊಲಿಯಲ್ಲ."