ಯಾಂಜ್ಮಾಳ ಹಾಸು, ಗೊಂಚಿಗನ ಹಳೇ ಕಾರು

ಗೊಂಚಿಗ್ ಮೀಸೆ ಮೂಡುವ ವಯಸ್ಸಿಗೇ ರಷ್ಯಾ ಲಾರಿಯ ಸ್ಟೇರಿಂಗು ಹಿಡಿದವನು, ಅರವತ್ತು ದಾಟಿದರೂ ಬಿಟ್ಟಿರಲಿಲ್ಲ. ಕಲ್ಲಿದ್ದಲು, ಉಣ್ಣೆ, ಹುಲ್ಲು ಎಲ್ಲ ಹೊತ್ತವನು. ಒಮ್ಮೊಮ್ಮೆ ಯಾರದೋ ಇಡೀ ಮನೆಯನ್ನೇ ಹೊತ್ತವನು: ಬಿಚ್ಚಿ ಕಟ್ಟಿದ ಗುಡಾರ, ಒಲೆ, ಪೆಟ್ಟಿಗೆ, ಅದರ ಮೇಲೆ ಕೂತ ಅಜ್ಜಿ ಸಮೇತ. ಅವನ ಲಾರಿ ಎರಡು ಗುಡ್ಡದ ಆಚೆ ಇರುವಾಗಲೇ ನಮ್ಮೂರ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಸದ್ದು ಮಾಡದ ಗಾಡಿಯನ್ನು ಅವನು ಗಾಡಿ ಅಂತ ಒಪ್ಪುತ್ತಲೇ ಇರಲಿಲ್ಲ. ಅಂಥವನು ಇಳಿವಯಸ್ಸಿನಲ್ಲಿ ಬೆಕ್ಕಿನ ಹಾಗೆ ನಡೆಯುವ ಜಪಾನಿನ ಹಳೇ ಕಾರೊಂದನ್ನು ಕಟ್ಟಿಕೊಂಡಿದ್ದು ಅಕ್ಕ ಯಾಂಜ್ಮಾಳಿಗೋಸ್ಕರ.

ತಾಯಿ ಸತ್ತಾಗ ಗೊಂಚಿಗ್ ಇನ್ನೂ ಮೊಲೆಹಾಲು ಬಿಟ್ಟಿರಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ಕುರಿ ಕಾಯುತ್ತಾ ಬೆಳೆಸಿದವಳು ಯಾಂಜ್ಮಾ. ಈಗ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಜಿಲ್ಲೆಯ ಪೇಟೆಗೆ ಹೋಗಿ, ಆಸ್ಪತ್ರೆಯ ಯಂತ್ರಕ್ಕೆ ರಕ್ತ ಕೊಟ್ಟು, ತೊಳೆಸಿ ವಾಪಸ್ಸು ಪಡೆದು ಬರಬೇಕು. ನಡುವೆ ಒಂದು ಕಣಿವೆದಾರಿ, ಏರು ಇಳಿತ, ಅರ್ಧ ಡಾಂಬರು, ಅರ್ಧ ಮಣ್ಣು.

ಯಾಂಜ್ಮಾಳ ಮಗಳು ದೆನ್ಸ್ಮಾ ಪೇಟೆಯಲ್ಲಿ ಶಾಲೆಯ ಟೀಚರು. ಬಂದವಳೇ, ತನ್ನ ಮನೆಗೆ ಕರಕೊಂಡು ಹೋಗಲು ಅಮ್ಮನ ಬಟ್ಟೆ ಗಂಟು ಕಟ್ಟಲು ಶುರುಮಾಡಿದಳು.

"ನಾಲ್ಕನೇ ಮಹಡೀಲಿ ಕೂತು ನಾನು ಏನು ನೋಡ್ಲೇ? ಎದುರು ಮನೆಯವರ ಒಣಹಾಕಿದ ಚಡ್ಡಿನಾ?" ಅಂದಳು ಯಾಂಜ್ಮಾ.

"ಸಾಯೋದಕ್ಕಿಂತ ಚಡ್ಡಿ ನೋಡೋದು ವಾಸಿ ಕಣಮ್ಮ."

"ನನ್ನ ಹಸುಗಳು?"

"ಮಾರೋದು."

ಯಾಂಜ್ಮಾ ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಡಲೇ ಇಲ್ಲ. ಅದನ್ನು ನೋಡಿಯೇ ಗೊಂಚಿಗ್ ಬಾಯಿ ಹಾಕಿದ್ದು. "ನಾನು ಕರಕೊಂಡು ಹೋಗಿ ಬರ್ತೀನಿ. ದಿನ ಬಿಟ್ಟು ದಿನ."

"ಆ ನಿಮ್ಮ ಲಾರೀಲಾ ಮಾಮಾ? ಅಮ್ಮನ ಮೂಳೆ ಪೇಟೆಗೆ ಬೇರೆ ಬೇರೆಯಾಗಿ ತಲುಪುತ್ತೆ."

"ಕಾರು ತಗೋತೀನಿ."

ದೆನ್ಸ್ಮಾ ಗಂಟನ್ನು ಬಿಚ್ಚಲಿಲ್ಲ, ಮೂಲೆಗೆ ತಳ್ಳಿದಳು ಅಷ್ಟೆ. "ಆಯ್ತು. ಆದ್ರೆ ಕೇಳಿ, ಯಾವತ್ತು ನಿಮ್ಮ ಕಾರು ದಾರೀಲಿ ನಿಂತು ಅಮ್ಮನ ಸರದಿ ತಪ್ಪುತ್ತೋ, ಅವತ್ತೇ ಅವಳು ನನ್ನ ಮನೆಗೆ. ಆಮೇಲೆ ಅಕ್ಕ ತಮ್ಮ ಸೇರಿ ಅಳಬಾರದು."

ಗೊಂಚಿಗ್ ಲಾರಿ ಮಾರಿ, ರಾಜಧಾನಿ ಉಲಾನ್‌ಬಾತರ್‌ಗೆ ಹೋಗಿ ಕಾರು ತಂದ. ಪೆಟ್ರೋಲೂ ಕುಡಿಯುತ್ತೆ, ಬ್ಯಾಟರಿಯಲ್ಲೂ ಓಡುತ್ತೆ, ನಮ್ಮ ದೇಶದಲ್ಲಿ ಎಲ್ಲಿ ನೋಡಿದರೂ ಕಾಣುವ ಅದೇ ಜಾತಿ. ಮೂರು ಲಕ್ಷ ಕಿಲೋಮೀಟರು ಮೀರಿ ಓಡಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಒಳಗಿನಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಅದನ್ನು ನಿಲ್ಲಿಸುವ ಗುಂಡಿ ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಯಾಂಜ್ಮಾ ಪ್ರತಿ ಸಲ, "ಹೂಂ ಕಣೇ ತಾಯಿ, ನಿಂಗೂ ಒಳ್ಳೇದಾಗ್ಲಿ" ಅಂತ ಉತ್ತರ ಕೊಡುತ್ತಿದ್ದಳು. ಕಾರು ಬಂದ ದಿನ ನಾಲ್ಕು ಚಕ್ರಕ್ಕೂ ಹಾಲು ಚಿಮುಕಿಸಿ, ಕನ್ನಡಿಗೆ ನೀಲಿ ರೇಷ್ಮೆಯ ಪಟ್ಟಿ ಕಟ್ಟಿದವಳೂ ಅವಳೇ.

ಪೇಟೆಯಲ್ಲಿ ದೊರ್ಲಿಗ್ ಅಂತ ಒಬ್ಬ ಮೆಕ್ಯಾನಿಕ್ಕು. ಬಾಯಿ ಜೋರು, ಕೈ ಹಗುರ. ಅವನು ಕಾರಿನ ಸುತ್ತ ಒಂದು ಸುತ್ತು ಹಾಕಿ ಅಂದ, "ಗೊಂಚಿಗಣ್ಣ, ಹಳೇ ಕಾರು ಅಂದ್ರೆ ಎರಡನೇ ಮದುವೆ ಹೆಣ್ಣಿನ ಹಾಗೆ. ಹಿಂದೆ ಏನಾಯ್ತು ಅಂತ ಕೇಳ್ತಾ ಕೂರಬಾರದು. ಎಲ್ಲಾ ಹೊಸದಾಗಿ ನೀನೇ ಶುರು ಮಾಡಬೇಕು."

"ನಿನ್ನ ಹೆಂಡತಿಗೆ ಹೇಳ್ಲಾ ಈ ಮಾತು?"

"ಅವಳೇ ಹೇಳಿದ್ದು, ನನ್ನ ಬಗ್ಗೆ."

ಆಯಿಲ್ ಬದಲಾಯಿತು. ಇಂಜಿನ್ನಿಗೊಂದು, ಕರೆಂಟಿನ ಪೆಟ್ಟಿಗೆಗೊಂದು ಅಂತ ಎರಡು ತಂಪು ನೀರು ಇದರಲ್ಲಿ, ಎರಡೂ ಬದಲಾಯಿತು. ಬ್ರೇಕು ಬಿಚ್ಚಿ ನೋಡಿದರೆ ಪ್ಯಾಡು ಸವೆದಿಲ್ಲ, ಆದರೆ ಪಿನ್ನುಗಳು ತುಕ್ಕು ಹಿಡಿದು ಕೂತಿವೆ. ಈ ಜಾತಿಯಲ್ಲಿ ಗಾಡಿ ನಿಲ್ಲಿಸುವ ಕೆಲಸ ಹೆಚ್ಚುಪಾಲು ಮೋಟರಿನದು, ಬ್ರೇಕಿಗೆ ಕೆಲಸವೇ ಇಲ್ಲ ಅಂದ ದೊರ್ಲಿಗ್. ಕಟ್ಟಿಹಾಕಿದ ಕುದುರೆಗೆ ಗೊರಸು ಬೆಳೆಯುವ ಹಾಗೆ ಅಂತ ಗೊಂಚಿಗ್ ಅರ್ಥ ಮಾಡಿಕೊಂಡ. ಕೊನೆಗೆ ದೊರ್ಲಿಗ್ ಕೈ ಒರೆಸಿಕೊಳ್ಳುತ್ತಾ ಒಂದು ಮಾತು ಹೇಳಿದ. "ದೊಡ್ಡ ಬ್ಯಾಟರೀಗೆ ವಯಸ್ಸಾಗಿದೆ. ಗಾಳಿ ಬರೋ ದಾರಿ ಮಾತ್ರ ಮುಚ್ಚಬೇಡ ಮಾರಾಯ."

ಗಾಳಿ ಬರುವ ದಾರಿ ಅಂದರೆ ನಮ್ಮವರಿಗೆಲ್ಲ ಒಂದೇ: ಕಾರಿನ ಮುಂದಿನ ಜಾಲರಿ. ಚಳಿಗಾಲದಲ್ಲಿ ಎಲ್ಲರೂ ಅದಕ್ಕೆ ಉಣ್ಣೆ ಹೊದಿಸುತ್ತಾರೆ, ಬೇಸಿಗೆಗೆ ತೆಗೆಯುತ್ತಾರೆ. ಬೇಸಿಗೆಗೆ ಮರೆಯದೆ ತೆಗೆದರಾಯಿತು ಅಂತ ಗೊಂಚಿಗನೂ ಹಾಗೇ ಮಾಡಿದ.

ಚಳಿಗಾಲ ಚೆನ್ನಾಗಿ ಕಳೆಯಿತು. ಸ್ಟಾರ್ಟ್ ಮಾಡುವ ಚಿಕ್ಕ ಬ್ಯಾಟರಿಯನ್ನು ದಿನಾ ಸಂಜೆ ಬಿಚ್ಚಿ ಒಳಗೆ ತಂದು, ಎಳೆ ಕುರಿಮರಿಯ ಪಕ್ಕ ಒಲೆಯ ಹತ್ತಿರ ಮಲಗಿಸುತ್ತಿದ್ದ. ಬೆಳಿಗ್ಗೆ ಎರಡೂ ಬೆಚ್ಚಗಿರುತ್ತಿದ್ದವು. ಒಂದು ದಿನವೂ ಸರದಿ ತಪ್ಪಲಿಲ್ಲ.

ಯಂತ್ರದಿಂದ ಎದ್ದ ಮೇಲೆ ಯಾಂಜ್ಮಾಳಿಗೆ ಮೈಯೆಲ್ಲ ನಡುಕ. ಹಿಂದಿನ ಸೀಟಿನಲ್ಲಿ ಮುದುರಿ ಮಲಗುವಳು. ಅದಕ್ಕೆ ತಾನೇ ಒಂದು ಹಾಸು ಹೊಲಿಯಲು ಕೂತಳು. ಒತ್ತಿದ ಕುರಿಯುಣ್ಣೆ ಎರಡು ಪದರ, ಮೇಲೆ ಒಂಟೆಕೂದಲ ದಾರದಲ್ಲಿ ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿದ ಬಳ್ಳಿಯ ಕಸೂತಿ. ಕೈ ಊದಿ, ಸೂಜಿ ಹಿಡಿಯಲಾಗದ ದಿನಗಳಲ್ಲೂ ಬಿಡಲಿಲ್ಲ. ಗೊಂಚಿಗ್ ಸಾಕು ಅಂದರೆ, "ನೀನು ರಸ್ತೆ ನೋಡ್ಕೋ, ನಾನು ಸೂಜಿ ನೋಡ್ಕೋತೀನಿ" ಅನ್ನುವಳು. ಹಾಸು ಅಳತೆಗೆ ಎಷ್ಟು ಸರಿಯಾಗಿತ್ತೆಂದರೆ ಬಾಗಿಲಿಂದ ಬಾಗಿಲಿಗೆ, ಸೀಟಿನ ಸಂದುಗೊಂದುಗಳಿಗೂ ಇಳಿದು, ಪಕ್ಕದಲ್ಲಿದ್ದ ಚಿಕ್ಕ ಜಾಲರಿಯನ್ನೂ ಮುಚ್ಚಿ ಕೂತಿತು. ಆ ಜಾಲರಿ ರೇಡಿಯೋದ್ದು ಅಂತ ಇಬ್ಬರೂ ಅಂದುಕೊಂಡಿದ್ದರು. ಆ ಜಪಾನಿ ರೇಡಿಯೋ ನಮ್ಮ ಯಾವ ಸ್ಟೇಷನ್ನೂ ಹಿಡಿಯುತ್ತಿರಲಿಲ್ಲ, ಮುಚ್ಚಿದರೆ ನಷ್ಟವೇನು?

ವಸಂತದಲ್ಲಿ ಮೇಕೆಗಳ ತುಪ್ಪಳ ಬಾಚುವ ಕಾಲ. ಊರವರ ತುಪ್ಪಳದ ಚೀಲಗಳನ್ನೂ ಹಿಂದೆ ತುರುಕಿಕೊಂಡು ಗೊಂಚಿಗ್ ಪೇಟೆಗೆ ಹೋಗಿಬಂದ. ಆಮೇಲೆ ಬಿಸಿಲು ಏರಿತು. ಆಗ ಶುರುವಾಯಿತು ನೋಡಿ.

ಕಣಿವೆಯ ಏರಿನಲ್ಲಿ ಹಿಂದಿನಿಂದ ಹೂಂಕಾರದ ಹಾಗೆ ಒಂದು ಫ್ಯಾನಿನ ಸದ್ದು. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ. ಕಾರು ಏದುಸಿರು ಬಿಟ್ಟ ಹಾಗೆ ನಿಧಾನ. ಗೊಂಚಿಗ್ ಅಕ್ಕನನ್ನು ಆಸ್ಪತ್ರೆಗೆ ಬಿಟ್ಟು ನೇರ ದೊರ್ಲಿಗನ ಗ್ಯಾರೇಜಿಗೆ ಹೋದ. ಹೋಗುವ ಮುಂಚೆ ಹಾಸನ್ನು ತೆಗೆದು, ಮಡಚಿ, ಅಕ್ಕನ ಹಾಸಿಗೆಯ ಕಾಲ್ಬದಿಗೆ ಇಟ್ಟ. ದೊರ್ಲಿಗನ ಎಣ್ಣೆ ಕೈ ಆ ಬಳ್ಳಿಗೆ ತಗುಲುವುದು ಬೇಡ ಅಂತ.

ಗ್ಯಾರೇಜಿನಲ್ಲಿ ಕಾರು ತಣ್ಣಗೆ ನಿಂತಿತ್ತು. ದೊರ್ಲಿಗ್ ಹತ್ತಿ, ಊರಾಚೆ ಒಂದು ಸುತ್ತು ಓಡಿಸಿ ಬಂದ. "ಏನೂ ಇಲ್ವಲ್ಲಣ್ಣ! ನಿನ್ನ ಕಾರಿಗೆ ನನ್ನ ಮುಖ ಕಂಡ್ರೆ ಜ್ವರ ಇಳಿಯುತ್ತೆ."

ಮತ್ತೆರಡು ಸಲ ಹೀಗೇ ಆಯಿತು. ಪ್ರತಿ ಸಲವೂ ಗೊಂಚಿಗ್ ಹಾಸು ತೆಗೆದಿಟ್ಟೇ ಹೋದ. ಮೂರನೇ ಸಲ ದೊರ್ಲಿಗನೂ ನಗಲಿಲ್ಲ. "ವಯಸ್ಸಾದ ಬ್ಯಾಟರಿ. ಹೋಗೋ ಕಾಲಕ್ಕೆ ಹೀಗೇ ಆಟ ಆಡುತ್ತೆ. ಬೇರೆ ತರಿಸ್ಬೇಕಾಗುತ್ತೋ ಏನೋ. ಯಾವಾಗ ಬರುತ್ತೆ ಅಂತ ಮಾತ್ರ ಕೇಳ್ಬೇಡ."

ಅದಾದ ವಾರದಲ್ಲೇ ಒಂದು ಬೆಳಿಗ್ಗೆ, ಏರಿನ ಅರ್ಧದಲ್ಲಿ ಕಾರು ನಿಂತೇಬಿಟ್ಟಿತು. ತಣಿಯುವವರೆಗೆ ಕಾದು ಹೊರಟು, ಪೇಟೆ ಸೇರುವಷ್ಟರಲ್ಲಿ ಯಾಂಜ್ಮಾಳ ಸರದಿ ಮುಗಿದಿತ್ತು. ನರ್ಸು ಬೈದು, ಕೊನೆಗೆ ಬೇರೆಯವರದಾದ ಮೇಲೆ ಯಂತ್ರಕ್ಕೆ ಹಾಕಿದಳು. ದೆನ್ಸ್ಮಾಳಿಗೆ ಫೋನು ಹೋಗದೆ ಇರುತ್ತದೆಯೇ? ಶಾಲೆಯಿಂದ ಸೀಮೆಸುಣ್ಣದ ಕೈಯಲ್ಲೇ ಬಂದಳು.

"ಮಾತು ಮಾತೇ ಮಾಮಾ. ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ."

ಗೊಂಚಿಗ್ ತಲೆಯಾಡಿಸಿದ. ಯಾಂಜ್ಮಾ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ವಾಪಸ್ಸು ಬರುವಾಗ ಕಣಿವೆಯ ನೆತ್ತಿಯಲ್ಲಿ, ದಾರಿಹೋಕರು ಕೈಮುಗಿದು ಪೇರಿಸಿದ ಕಲ್ಲುರಾಶಿಯ ಹತ್ತಿರ ಅವನೇ ಕಾರು ನಿಲ್ಲಿಸಿದ, ತಣಿಯಲಿ ಅಂತ. ಯಾಂಜ್ಮಾ ಇಳಿದಳು. ಬಿಸಿಲಿದ್ದರೂ ಗಾಳಿಗೆ ನಡುಗಿದಳು. ಗೊಂಚಿಗ್ ಹಿಂದಿನ ಹಾಸನ್ನು ಕಿತ್ತು ಅಕ್ಕನ ಹೆಗಲಿಗೆ ಹೊದಿಸಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ.

"ನಮ್ಮ ಬೂದುಹಸು ಈ ಸಲ ಹೆಣ್ಣು ಕರು ಹಾಕುತ್ತೆ, ನೋಡ್ತಿರು" ಅಂದಳು ಅವಳು.

ಊರ ಹತ್ತಿರದ ಕೊನೆಯ ಏರು ಬಂತು. ಗೊಂಚಿಗ್ ಹಲ್ಲು ಕಚ್ಚಿಕೊಂಡು ಕಾದ. ಹೂಂಕಾರ ಬರಲಿಲ್ಲ. ಕೆಂಪು ತ್ರಿಕೋನ ಬರಲಿಲ್ಲ. ಕಾರು ಎಳೆ ಕುದುರೆಯ ಹಾಗೆ ಹತ್ತಿತು.

ಅವನು ಪಕ್ಕಕ್ಕೆ ನೋಡಿದ. ಹಾಸಿನೊಳಗೆ ಅಕ್ಕನ ಮುಖ ಇಷ್ಟೇ ಇಷ್ಟು ಕಾಣುತ್ತಿತ್ತು. ಗ್ಯಾರೇಜಿಗೆ ಹೋದಾಗಲೆಲ್ಲ ಸೀಟಿನ ಮೇಲೆ ಹಾಸು ಇರಲಿಲ್ಲ, ಈಗಲೂ ಇಲ್ಲ ಅನ್ನುವುದು ಆಗ ಹೊಳೆಯಿತು. ಮನೆ ಮುಟ್ಟಿ, ಅವಳನ್ನು ಒಳಗೆ ಮಲಗಿಸಿ, ಬಂದು ಆ ರೇಡಿಯೋ ಜಾಲರಿಗೆ ಅಂಗೈ ಇಟ್ಟ. ಜಾಲರಿ ಅಂಗೈಯನ್ನು ಒಳಕ್ಕೆ ಎಳೆಯಿತು. ಉಸಿರು! ಸಂದಿನಲ್ಲಿ ಬೆರಳು ಹಾಕಿದರೆ ಮೇಕೆಯ ತುಪ್ಪಳ ಎಳೆ ಎಳೆಯಾಗಿ ಬಂತು.

ಸಂತೋಷಪಡಬೇಕಾದವನು ಸೀಟಿನ ಅಂಚಿನ ಮೇಲೆ ಕೂತುಬಿಟ್ಟ. ಅಕ್ಕನಿಗೆ ಹೇಗೆ ಹೇಳುವುದು? ಊದಿದ ಕೈಯಲ್ಲಿ ಹೊಲಿದದ್ದೇ ಅವಳನ್ನು ಮನೆ ಬಿಡಿಸುತ್ತಿತ್ತು ಅಂತ?

ಮಾರನೇ ದಿನ ಅವಳೇ ಹಾಸು ಹಿಡಿದು ಕಾರಿನ ಹತ್ತಿರ ಬಂದಳು.

"ಇರ್ಲಿ ಬಿಡಕ್ಕಾ, ಬಿಸಿಲಲ್ಲಿ ಹುಳ ಬೀಳುತ್ತೆ. ಒಳಗಿಡು" ಅಂದ ಗೊಂಚಿಗ್, ಟೈರು ನೋಡುತ್ತಾ.

"ಟೈರಿಗೆ ಹೇಳ್ತಿದೀಯಾ, ನನಗೆ ಹೇಳ್ತಿದೀಯಾ?"

"ನಿಂಗೇ."

"ಚಿಕ್ಕೋನಿದ್ದಾಗ ಕೆನೆ ಕದ್ದು ತಿಂದೂ ಹೀಗೇ ನೆಲ ನೋಡ್ತಿದ್ದೆ. ಮೂಗಿನ ಮೇಲೆ ಕೆನೆ ಇರೋದು. ಏನು ವಿಷಯ ಬೊಗಳು."

ಅವನು ಹೇಳಿದ. ಜಾಲರಿ ತೋರಿಸಿದ, ತುಪ್ಪಳ ತೋರಿಸಿದ. ಯಾಂಜ್ಮಾ ಬಗ್ಗಿ ತನ್ನ ಕೆನ್ನೆಯನ್ನೇ ಜಾಲರಿಗೆ ಒಡ್ಡಿ ನೋಡಿದಳು. ಎದ್ದು ನಿಂತಾಗ ಮುಖ ಬಿಳಿಚಿತ್ತು. ಹಾಸಿನ ಬಳ್ಳಿಯನ್ನು ಒಮ್ಮೆ ಸವರಿದಳು.

"ಅಲ್ವೋ, ನಿನ್ನೆ ಸಂಜೆಯಿಂದ ಗೊತ್ತಿತ್ತಾ ನಿಂಗೆ?"

"ಹೂಂ."

"ಗೊತ್ತಿದ್ದೂ ಭಾನುವಾರ ನಾನು ಮಗಳ ಮನೆಗೆ ಗಂಟು ಹೊತ್ತು ಹೋಗ್ಲಿ ಅಂತ ಸುಮ್ನಿದ್ಯಾ? ನನ್ನ ಮನಸ್ಸಿಗೆ ನೋವಾಗುತ್ತೆ ಅಂತ? ದಡ್ಡ ನನ್ ಮಗನೆ, ಹಸುಗಳಿಂದ ದೂರ ಇದ್ರೆ ಆಗೋ ನೋವಿನ ಮುಂದೆ ಇದೆಂಥದೋ!" ಆಮೇಲೆ ಇದ್ದಕ್ಕಿದ್ದಂತೆ ನಕ್ಕುಬಿಟ್ಟಳು. "ಎಪ್ಪತ್ತು ವರ್ಷ ಗುಡಾರದಲ್ಲಿ ಬದುಕಿದೋಳು ನಾನು. ನೆತ್ತಿಯ ಹೊಗೆ ಹೋಗೋ ಕಿಂಡಿ ಮುಚ್ಚಿ ಒಲೆ ಹಚ್ಚಿದ್ನಲ್ಲ! ಹೋಗು, ಕುರಿ ಕತ್ತರಿ ತಾ."

ಗೊಂಚಿಗ್ ತರಲಿಲ್ಲ. ಅವಳೇ ಹೋಗಿ ತಂದಳು. ಕೊಂಬಿನ ಬಳ್ಳಿಯ ನಟ್ಟನಡುವೆ ಕತ್ತರಿ ಇಳಿಸುವಾಗ ಅವನು ಬೇರೆ ಕಡೆ ನೋಡಿದ. ಅವಳು ನೋಡಿಕೊಂಡೇ ಕತ್ತರಿಸಿದಳು, ಜಾಲರಿಗಿಂತ ಎರಡು ಬೆರಳು ಅಗಲವಾಗಿ, ದುಂಡಗೆ. ಅಂಚಿಗೆ ಒಂಟೆ ದಾರದ ಹೊಲಿಗೆ ಹಾಕಲು ಮಧ್ಯಾಹ್ನದವರೆಗೆ ಕೂತಳು.

ಆ ಶುಕ್ರವಾರ ದೊರ್ಲಿಗ್ ಸೀಟು ಕಳಚಿ ಫ್ಯಾನು ಹೊರತೆಗೆದ. ಅದರ ರೆಕ್ಕೆಗಳಿಗೆ ಮೇಕೆ ತುಪ್ಪಳ ಟೋಪಿ ಹಾಕಿದ ಹಾಗೆ ಸುತ್ತಿತ್ತು. "ಗೊಂಚಿಗಣ್ಣ, ಮೇಕೆ ಬಾಚೋದು ಬಿಟ್ಟು ಕಾರು ಬಾಚೋಕೆ ಶುರು ಮಾಡು. ಗಾಳಿ ದಾರಿ ಮುಚ್ಚಬೇಡ ಅಂದಿದ್ನಲ್ಲೋ!"

"ಎಲ್ಲಿಯ ದಾರಿ ಅಂತ ಹೇಳಿದ್ಯಾ? ಮುಂದೆ ಇರೋದು ಅಂದ್ಕೊಂಡೆ."

ದೊರ್ಲಿಗ್ ತಲೆ ಕೆರೆದುಕೊಂಡ. "ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಹತ್ರ ಕೂತು, ಆ ಜಾಲರಿಯಿಂದ ಉಸಿರಾಡುತ್ತೆ ಅಂತ ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ." ಬ್ಯಾಟರಿಯೊಳಗಿನ ಸೆಲ್ಲುಗಳನ್ನು ಒಂದೊಂದಾಗಿ ಅಳೆದು, ಸೋತಿದ್ದ ಎರಡನ್ನು ಬದಲಿಸಿದ. "ಇನ್ನು ವರ್ಷ ಬರುತ್ತೋ, ಎರಡು ಬರುತ್ತೋ, ಆಣೆ ಹಾಕಲ್ಲ. ಆದ್ರೆ ಸಾಯೋಕೆ ಕೂತಿಲ್ಲ ಇದು."

ಭಾನುವಾರ, ಆಸ್ಪತ್ರೆಯ ಯಂತ್ರಕ್ಕೂ ರಜೆಯ ದಿನ, ದೆನ್ಸ್ಮಾ ಬಂದಳು. ಕತೆಯೆಲ್ಲ ಕೇಳಿದಳು, ನಗಲಿಲ್ಲ. "ಕೇಳಿ ನಂಬೋದಿಲ್ಲ. ನಾನೇ ಕೂತು ನೋಡ್ತೀನಿ" ಅಂತ, ಮತ್ತೆ ಹಾಸು ಹಾಸಿದ್ದ ಹಿಂದಿನ ಸೀಟು ಹತ್ತಿದಳು. ಯಾಂಜ್ಮಾ ಮುಂದೆ ಕೂತಳು, ಬಟ್ಟೆಯ ಗಂಟು ತೊಡೆಯ ಮೇಲಿತ್ತು. ಕಾರು ಯಾರ ಮನೆಗೆ ತಿರುಗುತ್ತದೆ ಅಂತ ಗೊತ್ತಿಲ್ಲದ ಪ್ರಯಾಣ ಅದು.

ಬಿಸಿಲು ಕಣಿವೆಯಲ್ಲಿ ಕುದಿಯುತ್ತಿತ್ತು. ಗೊಂಚಿಗ್ ಏರಿಗೆ ಮುಂಚೆ ನಿಲ್ಲಿಸಲಿಲ್ಲ, ತಣಿಸಲಿಲ್ಲ. ಹಿಂದೆ ಫ್ಯಾನು ಮೆಲ್ಲಗೆ ಎದ್ದಿತು, ನಿದ್ದೆಯಲ್ಲಿ ಉಸಿರಾಡುವವರ ಹಾಗೆ ಒಂದೇ ಸಮ ಬೀಸಿತು, ಅಡಗಿತು. ನೆತ್ತಿಯಲ್ಲಿ ಮೂವರೂ ಇಳಿದು ಕಲ್ಲುರಾಶಿಗೆ ಸುತ್ತು ಬಂದರು. ಇಳಿಜಾರಿನಲ್ಲಿ ಗೊಂಚಿಗ್ ಕಾಲು ತೆಗೆದು ಕಾರನ್ನು ಅದರ ಪಾಡಿಗೆ ಬಿಟ್ಟ. ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುತ್ತಾ ಕಾರು ಕೆಳಗಿಳಿಯಿತು.

ಪೇಟೆ ಕಾಣುವ ತಿರುವಿನಲ್ಲಿ ದೆನ್ಸ್ಮಾ ಅಂದಳು, "ಗಾಡಿ ತಿರುಗಿಸಿ ಮಾಮಾ. ಹಿಮ ಬೀಳೋವರೆಗೂ ಅಮ್ಮ ಊರಲ್ಲೇ ಇರ್ಲಿ."

"ಯಾವ ವರ್ಷದ ಹಿಮ?" ಅಂದಳು ಯಾಂಜ್ಮಾ, ಹಿಂದೆ ತಿರುಗದೆ.

ದೆನ್ಸ್ಮಾ ವಾರವೆಲ್ಲ ಮಕ್ಕಳ ಜೊತೆ ಕೂಗಿ ದಣಿದಿದ್ದಳು. ಕಾಲು ಮಡಚಿ ಅಮ್ಮನ ಹಾಸಿನ ಮೇಲೆ ಮಲಗಿದವಳು, ಗೊಂಚಿಗ್ ಕಾರು ತಿರುಗಿಸಿ ಮತ್ತೆ ಏರು ಹಿಡಿಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.