ತೊಟ್ಟಿಲ ಕೊಂಡಿಗೆ ಮೋಟಾರ್ ಸೈಕಲ್ಲು

ಕೇಳ್ರೇ ಗೆಳತೀರಾ, ಮಧುಗಿರಿಯ ನಮ್ಮನೇಲಿ ಇವತ್ತು ಆಗಿದ್ದು.

ಯುದ್ಧ ಮುಗಿದ್ಮೇಲೆ ಮಿಲಿಟ್ರಿಯೋರು ಮಾರಿದ ಹಳೇ ಸಾಮಾನಿನ ಹರಾಜಲ್ಲಿ ನಮ್ಮೆಜಮಾನ್ರು ತಂದ ಮೋಟಾರ್ ಸೈಕಲ್ಲಿನ ಚೈನು ಕಿರುಗುಡ್ತಿತ್ತು. ಎಣ್ಣೆ ಬಿಡೋಕೆ ಹಿಂದಿನ ಚಕ್ರ ಎತ್ತಬೇಕು, ಸ್ಟ್ಯಾಂಡು ನೋಡಿದ್ರೆ ಮುರಿದಿದೆ. ಪಡಸಾಲೆ ತೊಲೆಯಲ್ಲಿ ತೊಟ್ಟಿಲು ಕಟ್ಟೋ ಕೊಂಡಿ ಇದೆಯಲ್ಲ, ಅದಕ್ಕೆ ಬಾವಿ ಹಗ್ಗ ಬಿಗಿದು ಗಾಡಿಯ ಹಿಂಭಾಗ ನೇತುಹಾಕಿದ್ರು.

ಅತ್ತೆ ಬಂದವರೇ, "ಲೇ, ಅದು ನನ್ ಮೊಮ್ಮಗೀನ ಕೊಂಡಿ ಕಣ್ಲಾ. ಬಿಚ್ಚು," ಅಂದ್ರು.

"ಮಗು ಹುಟ್ಟೋಗಂಟ ಕೊಂಡಿ ಸುಮ್ಕೆ ತಾನೆ ಅವ್ವ ಇರೋದು?" ಅಂತ ಇವರು ನಾನು ಹಿಡಿದಿದ್ದ ಬಟ್ಟಲಿಂದ ಚೈನಿಗೆ ಹರಳೆಣ್ಣೆ ಬಿಟ್ಟು ಚಕ್ರ ತಿರುಗಿಸಿದ್ರು. ಗಾಡಿ ತೂಗಾಡ್ತು. ಬಯ್ಕೊಂಡೇ ಅತ್ತೆ ಅದನ್ನ ಹಿಡ್ಕೊಂಡ್ರು.

ಪಕ್ಕದ್ಮನೆ ಅಜ್ಜಿಗೆ ಕಣ್ಣು ಮಂಜು. ಹೊಸಿಲಾಚೆಯಿಂದ ಇಣುಕಿದಾಗ ಅವರಿಗೆ ಕಂಡಿದ್ದು ಕೊಂಡಿಗೆ ಕಟ್ಟಿದ ಹಗ್ಗ, ಏನನ್ನೋ ತೂಗ್ತಿರೋ ಅತ್ತೆ, ಹರಳೆಣ್ಣೆ ಬಟ್ಟಲು ಹಿಡಿದ ನಾನು.

"ಒಂದ್ ಮಾತೂ ಹೇಳ್ಲಿಲ್ವಲ್ಲಮ್ಮ. ಗಂಡೋ ಹೆಣ್ಣೋ?"

ನಾವು ಬಾಯಿ ತೆರೆಯೋದ್ರೊಳಗೆ ಹೋಗಿ, ಬಾಣಂತಿಗೆ ಅಂತ ಮಡಿಲು ತುಂಬ ಬೆಳ್ಳುಳ್ಳಿ ತಂದು ಸುರಿದ್ರು. ಅತ್ತೆ ವಾಪಸು ಕೊಡ್ಲಿಲ್ಲ. "ಇರ್ಲಿ ಬುಡು, ಬೇಕಾಯ್ತದೆ," ಅಂತ ನನ್ನನ್ನೇ ನೋಡ್ತಾ ಎತ್ತಿಟ್ರು.

ಚೈನು ಕಿರುಗುಡೋದು ನಿಂತಿದೆ. ಅತ್ತೇದು ಶುರುವಾಗಿದೆ.