ಕರಿಬಸಮ್ಮ ಮೇಡಂ ದನಿಯಿಲ್ಲದೆ ಪಾಠ ಮಾಡಿದ್ದು

ಕರಿಬಸಮ್ಮ ಮೇಡಂ ಹಳಗನ್ನಡ ಕಾವ್ಯ ಓದಲು ಶುರುಮಾಡಿದರೆ ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಸಿಟ್ಟು ಬಂದದ್ದೂ ಉಂಟು. ಅವರ ಅಪ್ಪ ಹುಲಿಯಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಕಿವಿ ಮಂದ ಮಾಡಿಕೊಂಡವರು. ಅವರಿಗೆ ಕೇಳಿಸಲೆಂದು ಕೂಗಿ ಮಾತಾಡಿಯೇ ಬೆಳೆದ ಮಗಳು ಶಿವಮೊಗ್ಗದ ಎಂ.ಎ. ಕ್ಲಾಸಿನಲ್ಲೂ ಅದೇ ಗಂಟಲು ತೆಗೆಯುತ್ತಿದ್ದರು. ಪದ್ಯ ಓದುವುದು ಮಾತ್ರ ಯಾವತ್ತೂ ಅವರೇ. ಹುಡುಗರ ಕೈಗೆ ಕೊಟ್ಟರೆ ಪದಗಳನ್ನು ಎಲ್ಲೆಲ್ಲೋ ಮುರಿದು ಪದ್ಯದ ಕತ್ತು ಹಿಸುಕುತ್ತಾರೆ ಎನ್ನುತ್ತಿದ್ದರು.

ನಿವೃತ್ತಿಗೆ ವರ್ಷವಿರುವಾಗ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಇನ್ನು ಪಿಸುಮಾತು ಮಾತ್ರ ಎಂದರು ಡಾಕ್ಟರು. ಕನ್ನಡ ವಿಭಾಗದ ಮುಖ್ಯಸ್ಥ ಹಾಲಸ್ವಾಮಿ, ಕರಿಬಸಮ್ಮ ಮೇಡಂ ಅವರ ಹಳೆಯ ಶಿಷ್ಯ. ಒಳ್ಳೆಯವನೇ, ಆದರೆ ಉಪಕಾರ ಮಾಡಲು ಅವಸರ ಜಾಸ್ತಿ.

"ನೀವು ಲೈಬ್ರರಿ ನೋಡ್ಕೊಳಿ ಮೇಡಂ. ಹಳಗನ್ನಡ ಪೇಪರ್ ತೆಗೆದು ಯಾವುದಾದ್ರೂ ಸುಲಭದ್ದು ಇಡ್ತೀನಿ," ಎಂದ.

"ಪೇಪರ್ ಇರುತ್ತೆ. ಪಾಠ ನಾನೇ ಮಾಡ್ತೀನಿ," ಎಂದು ಮೇಡಂ ಪಿಸುಗುಟ್ಟಿದರು.

"ಹೆಂಗೆ ಮೇಡಂ?"

"ನನಗೂ ಗೊತ್ತಿಲ್ಲ. ಒಂದು ತಿಂಗಳು ಬಿಡು, ಆಮೇಲೆ ಬಂದು ನೋಡು."

ಬೇರೆ ದಾರಿಯಿಲ್ಲದೆ ಹುಡುಗರ ಕೈಯಲ್ಲೇ ಓದಿಸಿದರು. ಆಯನೂರಿನ ದುಶ್ಯಂತ್ ಮೊದಲ ಪದ್ಯವನ್ನು ಬಸ್ಸಿನ ಬೋರ್ಡು ಓದಿದಂತೆ ಓದಿದ. ಕ್ಲಾಸು ನಕ್ಕಿತು. 'ನಕ್ಕವರು ಮುಂದಿನ ಪದ್ಯ ಓದಿ' ಎಂದು ಮೇಡಂ ಬೋರ್ಡಿನ ಮೇಲೆ ಬರೆದರು. ನಗು ನಿಂತಿತು. ಪದ ಬಿಡಿಸಬೇಕಾದಲ್ಲಿ ಬೆರಳ ಗೆಣ್ಣಿನಿಂದ ಮೇಜು ಕುಟ್ಟುವರು. ತಪ್ಪಿದರೆ ಮತ್ತೆ ಮೊದಲಿನಿಂದ. ಪಕ್ಕದ ಕೋಣೆಯಲ್ಲಿ ಆ ಕುಟ್ಟುವ ಸದ್ದು ಕೇಳಿದಾಗಲೆಲ್ಲ ನಾನು ಪಾಠ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮೇಡಂ ಗೆಣ್ಣಿಗೆ ಬ್ಯಾಂಡೇಜ್ ಸುತ್ತಿಕೊಂಡು ಮರುದಿನ ಹಾಜರಾಗುತ್ತಿದ್ದರು.

ತಿಂಗಳು ತುಂಬಿದಾಗ ಹಾಲಸ್ವಾಮಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ. ತಡೆಯಲಾರದೆ ನಾನೂ ಹೋಗಿ ಕುಳಿತೆ. ಹೊಸಮನೆಯ ಇಂಪನಾ ಓದುತ್ತಿದ್ದಳು. ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯ ಪದ್ಯ. ನಡುವೆ ಒಂದು ಕಡೆ ತಡವರಿಸಿದಳು. ಮೇಡಂ ಕೈ ಎತ್ತಿದರು. ಅವರು ಕುಟ್ಟುವ ಮೊದಲೇ ದುಶ್ಯಂತ್ ತನ್ನ ಡೆಸ್ಕು ಕುಟ್ಟಿದ, ಸರಿಯಾದ ಜಾಗದಲ್ಲಿ. ಇಂಪನಾ ಪದ ಬಿಡಿಸಿಕೊಂಡು ಕೊನೆಯವರೆಗೂ ಓದಿದಳು. ಮೇಡಂ ಎತ್ತಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು.

"ಇನ್ನೊಂದು ಓದಮ್ಮ," ಎಂದ ಹಾಲಸ್ವಾಮಿ. ತಾನು ತಪಾಸಣೆಗೆ ಬಂದದ್ದೇ ಅವನಿಗೆ ಮರೆತುಹೋಗಿತ್ತು. ಕ್ಲಾಸು ಮುಗಿದ ಮೇಲೆ, "ಪೇಪರ್ ಇರ್ಲಿ ಮೇಡಂ," ಎಂದು ಹೇಳಿ ಹೋದ.

ಅಭಿನಂದಿಸೋಣವೆಂದು ಹತ್ತಿರ ಹೋದರೆ ಮೇಡಂ ಕಣ್ಣು ತುಂಬಿತ್ತು.

"ಗೆದ್ರಲ್ಲ, ಇನ್ಯಾಕೆ ಅಳೋದು?" ಎಂದೆ.

"ಆ ಪದ್ಯ ನಾನು ಕೇಳಿದ್ದು ಇವತ್ತೇ ಮಾರಾಯ," ಎಂದು ಪಿಸುಗುಟ್ಟಿದರು. "ಇಷ್ಟು ವರ್ಷ ಬರೀ ಓದಿದ್ದೆ."